ಹ್ಯಾನಾ ಹುಟ್ಟಿದ ಊರು

ಮಾರ್ಚ್ 5, 2023, ಭಾನುವಾರ. ಪೊವೇ, ಅಮೆರಿಕ

ಇವತ್ತೂ ಹ್ಯಾನಾ ಸಿಗಲಿಲ್ಲ. ಕಣ್ಣು ಉರಿ. ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಪಾದ್ರಿಯ ಕೈಬರಹ, ದೇವರಿಗೇ ಪ್ರೀತಿ. ಹೆಂಡತಿ ಅನಸೂಯ ಫಾರ್ಮಸಿಸ್ಟ್, ಡಾಕ್ಟರ ಚೀಟಿ ಓದಿ ಪಳಗಿದವಳು. ಸ್ವಲ್ಪ ನೋಡು ಎಂದರೆ, ಸೊಸೆ ಕೇಳಿದ್ದು ನಿಮ್ಮನ್ನು ಎನ್ನುತ್ತಾಳೆ.

ಇದು ಸೊಸೆ ಕ್ಲೇರಳ ತಾಯಿ ಜೂಡಿತ್ ಶುರು ಮಾಡಿದ ಹುಡುಕಾಟ. ಅವರ ವಂಶದಲ್ಲಿ ಮೊದಲು ಅಮೆರಿಕಕ್ಕೆ ಬಂದವಳು ಹ್ಯಾನಾ. ಇಂಗ್ಲೆಂಡಿನ ಎಲ್ಮ್‌ಫೋರ್ಡ್ ಎಂಬ ಹಳ್ಳಿಯ ಥಾಮಸ್ ಮತ್ತು ಆ್ಯನ್ ದಂಪತಿಯ ಚೊಚ್ಚಲ ಮಗಳು ಎಂದು ಮನೆಯವರ ಮಾತು. ಇಂಟರ್ನೆಟ್ಟಿನಲ್ಲಿ ಹಾಕಿರುವ ಆ ಊರ ಚರ್ಚಿನ ಹುಟ್ಟು-ಮದುವೆ ರಿಜಿಸ್ಟರಿನಲ್ಲಿ ಮಾತ್ರ ಅವಳಿಲ್ಲ. ಅಷ್ಟರಲ್ಲಿ 2021... ಕೋವಿಡ್. ಜೂಡಿತ್ ಹೋಗಿಬಿಟ್ಟರು. ಕ್ಲೇರಳಿಗೆ ಈಗ ಆರು ತಿಂಗಳು. ಮಗು ಬರುವುದರೊಳಗೆ ಅಮ್ಮನ ಕೆಲಸ ಮುಗಿಯಬೇಕೆಂದು ಆಸೆ. ತಾನಾಗಿ ಏನೂ ಕೇಳದ ಹುಡುಗಿ, ಇದೊಂದನ್ನು ಕೇಳಿದಳು. ಇಲ್ಲ ಎನ್ನಲು ಮನಸ್ಸು ಬರಲಿಲ್ಲ.

ಮಾರ್ಚ್ 19

ವೆಸ್ಟ್ ಕೊವಿನಾಕ್ಕೆ ಹೋಗಿ, ಮಗ ಪ್ರವೀಣನ ಮನೆಯಲ್ಲೇ ಸೀಮಂತದ ಕುಬಸ ಮಾಡಿ ಬಂದೆವು. ಹಸಿರು ಸೀರೆ, ಹಸಿರು ಬಳೆ. ಕ್ಲೇರ್ ಬಳೆ ಅಲ್ಲಾಡಿಸಿ ಸದ್ದು ಕೇಳುತ್ತ ಕೂತಿದ್ದಳು. ಚೆಂದ ಕಂಡಳು.

ಕುಬಸ ಆದ ಮೇಲೆ ಹುಡುಗಿಯನ್ನು ತವರಿನವರು ಕರೆದುಕೊಂಡು ಹೋಗಬೇಕು. ಇವಳಿಗೆ ಯಾರಿದ್ದಾರೆ? ಉಳಿದ ಹೋಳಿಗೆ ಡಬ್ಬಿಗೆ ತುಂಬಿಕೊಟ್ಟು ನಾವಿಬ್ಬರೇ ವಾಪಸ್. ದಾರಿಯಲ್ಲಿ ಅನಸೂಯಳಿಗೆ, ಬಾಣಂತನ ನಮ್ಮಲ್ಲೇ ಮಾಡಿದರಾಯಿತು, ಕರೆಯಬಾರದೇಕೆ ಎಂದೆ.

"ಅದು ಅಕೀ ಅವ್ವನ ಜಾಗಾರೀ. ನಾ ಹೋಗಿ ಕುಂತ್ರ ಆ ಹುಡುಗಿಗೆ ಏನ ಅನಸ್ತದ?"

ನನಗೂ ಹೌದೆನ್ನಿಸಿತು. ಕರೆಯುವ ಮಾತು ಅಲ್ಲಿಗೇ ಬಿಟ್ಟೆ.

ಏಪ್ರಿಲ್ 30

ಬರೆಯಲು ಮನಸ್ಸೇ ಇರಲಿಲ್ಲ. ಎಲ್ಮ್‌ಫೋರ್ಡಿನ ರಿಜಿಸ್ಟರ್ ಅರೆದು ಕುಡಿದಾಯಿತು. ಥಾಮಸ್-ಆ್ಯನ್ ಮಕ್ಕಳು ವಿಲಿಯಂ, ಮೇರಿ, ಜಾನ್, ಎಲ್ಲರೂ ಇದ್ದಾರೆ. ಹ್ಯಾನಾ ಇಲ್ಲ. ಮದುವೆ ಮಾತ್ರ ಆ್ಯನ್‌ಳ ಊರು ಬ್ರೆಟ್‌ಹ್ಯಾಮಿನಲ್ಲಿ ಆಗಿದೆ. ಅದನ್ನು ನೋಡಿಕೊಂಡು ಮತ್ತೆ ಎಲ್ಮ್‌ಫೋರ್ಡಿಗೇ ಬಂದೆ. ಮಕ್ಕಳು ಅಪ್ಪನ ಊರಿನವರು ತಾನೇ.

ಹ್ಯಾನಾ ಈ ಮನೆಯವಳೇ ಅಲ್ಲವೇನೋ. ಕ್ಲೇರಳಿಗೆ ಹೇಳಿಬಿಡೋಣ ಎಂದು ಫೋನ್ ಮಾಡಿದೆ... ಮಗುವಿಗೆ ಕಾರ್ ಸೀಟ್ ಯಾವುದು ಒಳ್ಳೆಯದು ಎಂದು ಮಾತಾಡಿ ಇಟ್ಟೆ.

ಮೇ 6, ಶನಿವಾರ

ಸಿಕ್ಕಳು!

ಅನಸೂಯ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಯಾಕೆ ಅಷ್ಟು ನಿಟ್ಟುಸಿರು ಎಂದಳು. ಎಲ್ಲ ಹೇಳಿದೆ. ತಲೆ ಎತ್ತದೆ, "ಚೊಚ್ಚಲ ಕೂಸು ಅಂತೀರಿ, ಮತ್ತ ಗಂಡನ ಊರಾಗ ಹುಡುಕ್ತೀರಿ? ತವರಿಗೆ ಹೋಗಿರ್ತಾಳ," ಎಂದಳು.

ಇಂಗ್ಲಿಷರಲ್ಲಿ ಎಲ್ಲಿಯ ತವರು ಎಂದು ನಕ್ಕೆ.

"ಬ್ಯಾನಿ ಬಂದಾಗ ಅವ್ವ ಯಾರಿಗೆ ಬ್ಯಾಡ?"

ಬ್ರೆಟ್‌ಹ್ಯಾಮ್ ತೆಗೆದೆ. ಮದುವೆಯ ಮರುವರ್ಷದ ಪುಟ. ಎಲ್ಮ್‌ಫೋರ್ಡಿನ ಥಾಮಸ್ ಮತ್ತು ಆ್ಯನ್ ಇವರ ಮಗಳು ಹ್ಯಾನಾ. ಸ್ಪಷ್ಟವಾಗಿದೆ. ಇಬ್ಬರೂ ಕೂತು ನೋಡಿದ್ದೇ ನೋಡಿದ್ದು. ಒಲೆಯ ಮೇಲಿದ್ದ ಪಲ್ಯ ಹೊತ್ತಿತು. ಇವಳು ನನ್ನ ಹೆಂಡತಿ ಎಂದು ಎಷ್ಟು ಹೆಮ್ಮೆಯಾಯಿತೋ, ಅವಳಿಗೆ ಹೇಳಿಲ್ಲ.

ಮೇ 7

ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಕ್ಲೇರ್ ಅತ್ತಳು, ನಕ್ಕಳು. ಅಮ್ಮನಿಗೆ ತೋರಿಸಬೇಕಿತ್ತು ಎಂದಳು. ಹೇಗೆ ಸಿಕ್ಕಿತು ಎಂದು ಕೇಳಿದಳು. ತವರು, ಚೊಚ್ಚಲ ಹೆರಿಗೆ, ಕುಬಸವಾದ ಮೇಲೆ ಹುಡುಗಿ ತಾಯಿ ಮನೆಗೆ ಹೋಗುವುದು, ಎಲ್ಲ ವಿವರಿಸಿದೆ, ದೊಡ್ಡ ಪಂಡಿತನಂತೆ.

ಅವಳು ಇಂಗ್ಲಿಷಿನಲ್ಲಿ, ಮೆಲ್ಲಗೆ ಕೇಳಿದಳು: ಬಳೆ ತೊಡಿಸಿ ನೀವಿಬ್ಬರೇ ಹೊರಟುಹೋದಿರಲ್ಲ ಮಾಮಾ, ನಾನು ಎಲ್ಲಿಗೆ ಹೋಗಬೇಕಿತ್ತು?

ಕರೆದೊಯ್ಯುವ ಪದ್ಧತಿಯನ್ನು ಪ್ರವೀಣ ಆಗಲೇ ಹೇಳಿದ್ದನಂತೆ; ಇಷ್ಟು ದಿನ ನಮಗೆ ತಾನು ಬೇಡ ಎಂದುಕೊಂಡಿದ್ದಳಂತೆ. ಪಕ್ಕದಲ್ಲಿದ್ದ ಪ್ರವೀಣ ನೆಲ ನೋಡಿದ. ಅನಸೂಯ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಕರೀಲಿಕ್ಕೆ ಅಂಜಿದ್ನೆವ್ವಾ. ನಿಮ್ಮವ್ವನ ಜಾಗಾ ನನಗ ಬ್ಯಾಡ. ಅಕೀ ಹೆಸರಿಲೆ ಬಾಣಂತನ ಮಾಡ್ತೀನಿ. ಬಾ."

ಪ್ರವೀಣ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಕ್ಲೇರ್ ಆಗಲೇ ಸೂಟ್‌ಕೇಸ್ ಎಲ್ಲಿದೆ ಎಂದು ಕೇಳುತ್ತಿದ್ದಳು.

ಜೂನ್ 10, ಬೆಳಿಗ್ಗೆ 6:40

ಕ್ಲೇರ್ ಬಂದು ಮೂರು ವಾರವಾಯಿತು. ಆಸ್ಪತ್ರೆ ಬದಲಿಸಲು ಪ್ರವೀಣ ಇನ್ಶೂರೆನ್ಸಿನವರ ಜೊತೆ ಜಗಳಾಡಿದ್ದೇ ಆಡಿದ್ದು. ಜೂಡಿತ್‌ರ ಫೋಟೋ ಹಾಲ್‌ನಲ್ಲಿದೆ. ಅನಸೂಯ ದಿನಾ ಅದರ ಮುಂದೆ ನಿಂತು ಏನೋ ವರದಿ ಒಪ್ಪಿಸುತ್ತಾಳೆ. ಮನೆ ತುಂಬಿದಂತಿದೆ. ನನಗೆ ಬಹಳ ಖುಷಿ.

ಸಂಜೆ ನಾನೂ ಕ್ಲೇರಳೂ ಹೊಸ ಹುಡುಕಾಟಕ್ಕೆ ಕೂರುತ್ತೇವೆ. ಬ್ರೆಟ್‌ಹ್ಯಾಮಿನಲ್ಲಿ ಆ್ಯನ್‌ಳ ಬಾಣಂತನ ಮಾಡಿದ ತಾಯಿ ಯಾರು ಎಂದು. ನಿನ್ನೆ ಒಂದು ಹೆಸರು—

ಅನಸೂಯ ಕರೆಯುತ್ತಿದ್ದಾಳೆ. ಆಸ್ಪತ್ರೆಗೆ ಕಾರ್ ತೆಗೆಯಬೇಕಂತೆ. ಬಾಗಿಲಲ್ಲಿ ಕ್ಲೇರ್ ಇವಳ ಕೈ ಹಿಡಿದು ನಿಂತಿದ್ದಾಳೆ. ಈಗಷ್ಟೇ ನೋವಿಗೆ ಕಣ್ಣುಮುಚ್ಚಿ ಮಾಮ್ ಎಂದಳು. ಯಾವ ಅಮ್ಮನನ್ನು ಕರೆದಳೋ. ಅನಸೂಯ ಓ ಎಂದಳು.

ಕೀ ಎಲ್ಲಿ