ಸಾಯಲು ಬಿಡದ ಬೊಂಬೆ

ಸೀಬ್, ಗುರುವಾರ

ಪ್ರೀತಿಯ ಅತ್ತಿಗೆ,

ವಾಟ್ಸಾಪಿನಲ್ಲಿ ಹಾಕಿದರೆ ಇಡೀ ಕುಟುಂಬ ಓದುತ್ತದೆ. ಕಾರ್ಡಾದರೆ ನೀವು ಮತ್ತು ಪೋಸ್ಟ್‌ಮ್ಯಾನ್ ಮಾತ್ರ.

ಇಲ್ಲಿ ಗಲ್ಫಿನ ನರ್ಸಿಂಗ್ ಕಾಲೇಜಿನಲ್ಲಿ ನನಗೆ ಎಂತ ಕೆಲಸ ಗೊತ್ತುಂಟಾ? ಉಸಿರಾಡುವ, ನರಳುವ ರಬ್ಬರ್ ಬೊಂಬೆಯನ್ನು ಗಾಜಿನ ಹಿಂದೆ ಕೂತು ಕಂಪ್ಯೂಟರಿನಲ್ಲಿ ಆಡಿಸುವುದು. ಅದರ ಮೇಲೆ ಹುಡುಗಿಯರು ಆರೈಕೆ ಕಲಿಯುತ್ತಾರೆ. ಈಗ ನಮ್ಮ ಪ್ರೊಫೆಸರ್ ಸಾಹೇಬರು ಸಂಶೋಧನೆ ಶುರುಮಾಡಿದ್ದಾರೆ: ರೋಗಿ ಕೈಯಲ್ಲೇ ಸತ್ತರೆ ವಿದ್ಯಾರ್ಥಿನಿಗೆ ಎಷ್ಟು ದುಃಖವಾಗುತ್ತದೆಂದು ಅಳೆಯುವುದು! ಹಾಗಾಗಿ ಹುಡುಗಿಯರು ಏನೇ ಮಾಡಿದರೂ ಬೊಂಬೆ ಸಾಯಲೇಬೇಕು.

ಮೊನ್ನೆ ರಯ್ಯಾ ಎಂಬ ಹುಡುಗಿಯ ಸರದಿ. ಅವಳ ಅಜ್ಜಿ ತೀರಿಕೊಂಡು ತಿಂಗಳೂ ಆಗಿಲ್ಲ. ಬೊಂಬೆಯ ಎದೆ ಒತ್ತುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಆದರೂ ನಿಲ್ಲಿಸುವ ಹಾಗೆ ಕಾಣಲಿಲ್ಲ. ನನ್ನ ಪಕ್ಕದಲ್ಲಿ ಸಾಹೇಬರಿಗೆ ಎಲೆಗೆ ಪಾಯಸ ಬಿದ್ದಷ್ಟು ಸಂತೋಷ. "ಬರಲಿ, ಡೇಟಾ ಚೆನ್ನಾಗಿ ಬರುತ್ತಿದೆ!" ಎಂದರು. ನನಗೆ ತಡೆಯಲಾಗಲಿಲ್ಲ. ಹೃದಯ ಚಾಲೂ ಮಾಡುವ ಬಟನ್ ಒತ್ತಿಬಿಟ್ಟೆ. ಬೊಂಬೆಯ ದನಿಯಾಗುವ ಮೈಕಿನಲ್ಲಿ ಎರಡು ಸಲ ಕೆಮ್ಮಿದೆ ಕೂಡ. ರಯ್ಯಾ "ಅಲ್‌ಹಮ್ದುಲಿಲ್ಲಾ" ಎಂದು ದೇವರಿಗೆ ವಂದಿಸಿ ಬೊಂಬೆಯ ಹೊದಿಕೆ ಸರಿಮಾಡಿದಳು.

"ಸತ್ತವನು ಹೇಗೆ ಬದುಕಿದ? ನನ್ನ ಡೇಟಾ ಹಾಳಾಯಿತು!" ಎಂದು ಸಾಹೇಬರು ಕೂಗಾಡಿದರು.

"ಹುಡುಗಿ ಸರಿಯಾಗಿ ಒತ್ತಿದಳಲ್ಲ ಸಾರ್. ಕಲಿಸಿದ್ದು ನೀವೇ," ಎಂದೆ.

ಬೊಂಬೆ ಕೆಲಸ ಖಲಾಸ್. ಈಗ ಸ್ಟೋರಿನಲ್ಲಿ ಹತ್ತಿ, ಬ್ಯಾಂಡೇಜು ಕಾಯುತ್ತಿದ್ದೇನೆ. ಸಂಬಳ ಮೊದಲಿನಷ್ಟೇ, ಗಾಬರಿ ಬೇಡ. ಇವತ್ತು ರಯ್ಯಾ ಬಂದು ಒಂದು ಡಬ್ಬಿ ಹಲ್ವಾ ಇಟ್ಟು ಹೋದಳು. ಅರ್ಧ ಆಗಲೇ ಖಾಲಿ. ನನ್ನ ಶುಗರ್ ಎಷ್ಟೆಂದು ಅಣ್ಣ ಕೇಳಿದರೆ ನಾರ್ಮಲ್ ಅಂತ ಹೇಳಿಬಿಡಿ.

ಮನೆಗೆ ಹೋಗುವ ಬಸ್ ಬಂತು, ನಿಲ್ಲಿಸುತ್ತೇನೆ.

ನಿಮ್ಮ ಉಮಾವತಿ