ಬುತ್ತಿಕಲ್ಲಿನಿಂದ ನಲವತ್ತು ಹೆಜ್ಜೆ

ಬೆಟಗೇರಿ
ಸೋಮವಾರ, 9-12-2024

ಪ್ರೀತಿಯ ಮಗ ಮೊಹಸಿನನಿಗೆ ಅವ್ವ ಸಾಬೀರಾಳ ದುವಾ.

ಹೇಗಿದ್ದೀಯಪ್ಪಾ? ಹತ್ತಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲವಷ್ಟೆ? ನಿನ್ನ ಅಜ್ಜನೂ ಗಾದಿ ತುಂಬುತ್ತ ತುಂಬುತ್ತಲೇ ಎದೆ ಕೆಡಿಸಿಕೊಂಡವನು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ‘ಹತ್ತಿ ನಮಗ ಅನ್ನಾ ಹಾಕೂದೈತಿ, ಅದಕ್ಯಾಕ ಅಂಜೂದು’ ಎನ್ನುತ್ತಿದ್ದ. ನೀನು ಹಾಗೆ ಹಟ ಮಾಡಬೇಡ. ಸೊಸೆ ಯಾಸ್ಮೀನ ಆರಾಮಾಗಿದ್ದಾಳೆಯೇ? ಮೊಮ್ಮಗಳು ಅಮೀರಾಳಿಗೆ ಶಿರಹಟ್ಟಿಯಿಂದ ಸಂಬಂಧ ಬಂದಿದೆಯಂತೆ, ಹುಡುಗ ಶಾಲೆಯ ಮಾಸ್ತರನಂತೆ, ಕೇಳಿ ಜೀವ ತಂಪಾಯಿತು. ಇದೆಲ್ಲ ನನಗೆ ಹೇಗೆ ಗೊತ್ತಾಯಿತೆಂದು ಹೌಹಾರಬೇಡ. ನಮ್ಮ ದವಾಖಾನೆಯ ವ್ಯಾನು ಓಡಿಸುವ ಹೊನ್ನೇಶ ತಿಂಗಳಿಗೆರಡು ಸಲ ಮುಂಡರಗಿಗೆ ಬರುತ್ತಾನೆ. ನಿನ್ನ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕುಳಿತು ಚಹಾ ಕುಡಿಯುತ್ತಾನೆ, ಕಿವಿಗೆ ಬಿದ್ದದ್ದನ್ನೆಲ್ಲ ತಂದು ನನ್ನ ಮುಂದೆ ಸುರಿಯುತ್ತಾನೆ. ಇಲ್ಲಿಯ ಮಾತನ್ನು ಮಾತ್ರ ಹೊರಗೆ ಒಯ್ಯುವವನಲ್ಲ, ಒಳ್ಳೆಯವನು. ಈ ಪತ್ರವನ್ನು ನಿನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಕೊಡುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿದ್ದೇನೆ.

ನಾನು ಆರಾಮ ಇದ್ದೇನೆ. ಎಪ್ಪತ್ತು ತುಂಬಿತು. ಎಡಗಾಲಿನ ಹಳೆಯ ಗಾಯಕ್ಕೆ ಎರಡು ದಿನಕ್ಕೊಮ್ಮೆ ಪಟ್ಟಿ ಕಟ್ಟುತ್ತಾರೆ, ಅದು ನನ್ನ ಜೊತೆಗೇ ಮಣ್ಣಿಗೆ ಬರುವಂಥದ್ದು. ಬೆರಳು ಮಡಚಿಕೊಂಡಿರುವುದರಿಂದ ಪೆನ್ನನ್ನು ಅಂಗೈಗೆ ಅರಿವೆಯಿಂದ ಕಟ್ಟಿಕೊಂಡು ಬರೆಯುತ್ತೇನೆ. ಅಕ್ಷರ ಕೋಳಿ ಕೆದರಿದಂತಿದ್ದರೆ ನಗಬೇಡ. ಇಲ್ಲಿಗೆ ಬಂದ ಮೇಲೆ ಕಲಿತದ್ದು ಇಷ್ಟೇ ವಿದ್ಯೆ. ಎರಡು ವರ್ಷದ ಹಿಂದೆ ಯಾರೋ ಟೆಂಪೋದಲ್ಲಿ ನನಗೊಂದು ಗಾದಿ ಕಳಿಸಿದ್ದರು. ಕಳಿಸಿದವರ ಹೆಸರಿರಲಿಲ್ಲ. ನಮ್ಮ ಮ್ಯಾನೇಜರು ಯಾರೋ ದಾನಿಗಳೆಂದು ವಹಿಯಲ್ಲಿ ಬರೆದುಕೊಂಡರು. ನಾನು ಅದರ ಮೂಲೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದೆ. ಮೂರು ಮೂಲೆಗೆ ಬಿಳಿ ದಾರ, ನಾಲ್ಕನೆಯದಕ್ಕೆ ಕೆಂಪು ದಾರದ ಮೂರು ಟಾಕು. ಹಾಗೆ ಟಾಕು ಹಾಕುತ್ತಿದ್ದವನು ಲಕ್ಷ್ಮೇಶ್ವರದಲ್ಲೆಲ್ಲ ನನ್ನಪ್ಪನೊಬ್ಬನೇ. ಅವನ ಕೈಯನ್ನು ಕಲಿತವನು ನೀನೊಬ್ಬನೇ. ಅವತ್ತಿನಿಂದ ಆ ಮೂಲೆಯ ಕಡೆಗೇ ತಲೆಯಿಟ್ಟು ಮಲಗುತ್ತೇನೆ, ಮಗಾ.

ಈಗ ಇಲ್ಲಿಯ ಸುದ್ದಿ. ನೀನು ಅಜ್ಜಿಯ ಸೆರಗು ಹಿಡಿದು ಬರುತ್ತಿದ್ದಾಗ ಈ ಕಾಲೊನಿಯಲ್ಲಿ ಕುಷ್ಠದವರು ಇನ್ನೂರರ ಮೇಲಿದ್ದೆವು. ಈಗ ಒಂಬತ್ತು ಜನ, ಒಂಬತ್ತೂ ವಾಸಿಯಾದವರು. ಹೊಸಬರು ಬರುವುದಿಲ್ಲ, ಅವರವರ ಊರಲ್ಲೇ ಗುಳಿಗೆ ಸಿಗುತ್ತದೆ, ಅಲ್ಲಾಹನ ದಯೆ. ಆದರೆ ನೂರು ವರ್ಷದ ಕಟ್ಟಡಗಳು, ಬಾವಿ, ಮಗ್ಗದ ಕೋಣೆ, ಹಿಂದಿನ ಖಬರಸ್ತಾನ ಇವನ್ನೆಲ್ಲ ಮುಂದೆ ಯಾರು ನೋಡಿಕೊಳ್ಳಬೇಕು? ನಡೆಸುತ್ತಿದ್ದ ಟ್ರಸ್ಟಿನವರು ಕೈಸೋತರು. ಅದಕ್ಕೆ ಈ ವರ್ಷ ಒಂದು ಸಮನ್ವಯ ಸಮಿತಿಯಾಗಿದೆ. ಟ್ರಸ್ಟಿನವರು, ಆರೋಗ್ಯದವರು, ಹಳೆಯ ಕಟ್ಟಡ ಕಾಯುವವರು, ರಸ್ತೆಯವರು, ನಗರದವರು ಎಲ್ಲರೂ ಅದರಲ್ಲಿದ್ದಾರೆ. ಸಮನ್ವಯವೆಂದರೆ ಒಂದೇ ಜಮಖಾನೆಯ ಮೇಲೆ ಕುಳಿತು ಐದು ಕಡೆಗೆ ಮುಖ ಮಾಡುವುದೆಂದು ನಾನು ತಿಳಿದುಕೊಂಡೆ. ಮೊದಲ ಸಭೆಯಲ್ಲೇ, ಮುಂದೆ ಇಲ್ಲಿ ಮಾಡಬೇಕೆಂದಿರುವ ವಸ್ತುಸಂಗ್ರಹಾಲಯದ ಟಿಕೀಟಿನ ಕಿಟಕಿ ಎಲ್ಲಿರಬೇಕೆಂದು ವಾದ ಹತ್ತಿತು, ಕೂಸು ಹುಟ್ಟುವ ಮುನ್ನ ಕುಲಾವಿ. ಆದರೂ ಸುಳ್ಳು ಹೇಳಬಾರದು, ನಾಲ್ಕು ಸಭೆಗಳಲ್ಲಿ ಒಳ್ಳೆಯದೂ ಆಯಿತು. ನಾವು ಒಂಬತ್ತು ಜನ ಸಾಯುವ ತನಕ ನಮ್ಮ ನಮ್ಮ ಕೋಣೆಯಲ್ಲೇ ಇರಬಹುದು. ಗೋರಿಗಳನ್ನು ಯಾರೂ ಮುಟ್ಟುವುದಿಲ್ಲ. ಮಗ್ಗದ ಕೋಣೆಯಲ್ಲಿ ನಾವು ಗಾಯದ ಪಟ್ಟಿ ನೇಯುತ್ತಿದ್ದ ಮಗ್ಗವನ್ನು ಹಾಗೇ ಇಡುತ್ತಾರೆ.

ಉಳಿದದ್ದು ಒಂದೇ, ಬುತ್ತಿಕಲ್ಲು. ನಿನಗೆ ಅದರ ನೆನಪಿದೆಯಲ್ಲವೇ? ಗೇಟಿನ ಹೊರಗೆ, ರಸ್ತೆಯ ಅಂಚಿಗೆ, ಸೊಂಟದೆತ್ತರದ ಕರಿಯ ಚಪ್ಪಟೆ ಕಲ್ಲು. ಊರಿಂದ ಬಂದವರು ಬುತ್ತಿಯನ್ನು ಅದರ ಮೇಲಿಟ್ಟು ಬೇವಿನ ಮರದ ತನಕ ಹಿಂದೆ ಸರಿಯಬೇಕು, ಆಮೇಲೆ ನಾವು ಹೋಗಿ ತೆಗೆದುಕೊಳ್ಳಬೇಕು. ಅದು ಅಂದಿನ ಕಾಯ್ದೆ. ಗೇಟಿನ ಕರೀಮಸಾಬ ನಿನ್ನ ಅಜ್ಜಿಗೆ ‘ಏ ಬೇ, ಹಿಂದ ಸರಿ, ನಲವತ್ತ ಹೆಜ್ಜಿ ಆಗಿಲ್ಲಿನ್ನಾ’ ಎಂದು ಕೂಗುತ್ತಿದ್ದದ್ದು ನನಗೆ ಇಂದಿಗೂ ಕೇಳಿಸುತ್ತದೆ. ಆ ಕಲ್ಲು ಈಗ ಯಾರದೂ ಅಲ್ಲ. ಗೋಡೆಯ ಹೊರಗಿದೆ, ನಮ್ಮದಲ್ಲ ಎಂದರು ಟ್ರಸ್ಟಿನವರು. ಕಲ್ಲಿಗೆ ಔಷಧ ಕೊಡುವುದಿಲ್ಲ ಎಂದು ನಕ್ಕರು ಆರೋಗ್ಯದವರು. ರಸ್ತೆಯನ್ನು ಅಗಲ ಮಾಡಬೇಕು, ಕಲ್ಲು ಅಡ್ಡ ಬರುತ್ತದೆ ಎಂದರು ರಸ್ತೆಯವರು. ಹಳೆಯ ಕಟ್ಟಡದ ಸಾಹೇಬರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ಕಲ್ಲಿನ ಮೇಲೆ ಬರಹ ಇಲ್ಲ, ಕಾಗದದಲ್ಲೂ ಇಲ್ಲ ಎಂದರು. ‘ಬರೇ ಒಳಗಿನವ್ರು ಹೇಳಿದ್ರ ಸಾಲಂಗಿಲ್ರಿ. ಬುತ್ತಿ ತಂದಿಟ್ಟವ್ರು ಒಬ್ಬರರ ಬಂದು ಈ ಕಲ್ಲಿನ ಮುಂದ ನಿಂತು ಹೇಳ್ಬೇಕು, ಹಂಗಾದ್ರ ರಸ್ತೆ ಆ ಕಡಿ ಸರಸಾಕ ಬರತೈತಿ.’ ಅವರದೂ ತಪ್ಪಲ್ಲ, ಮೊಹಸಿನ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅವರು ಒಂದು ದಾರಿ ತೋರಿಸಿದರು.

ಆ ದಾರಿಯಲ್ಲಿ ಹೆಜ್ಜೆಯಿಡುವವರು ಯಾರು? ನಮ್ಮೊಳಗೆ ಒಂದು ಕಟ್ಟಳೆಯಿದೆ, ಯಾರೂ ಬರೆದಿಟ್ಟದ್ದಲ್ಲ. ಬುತ್ತಿ ತಂದವರ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅವರ ಮನೆಗೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಹೀಗಾಗಿ ಪಕ್ಕದ ಕೋಣೆಯ ಗದಿಗೆವ್ವನ ಅಣ್ಣ ಯಾವ ಊರಿನವನೆಂದು ನನಗೆ ಐವತ್ತು ವರ್ಷದಲ್ಲಿ ಗೊತ್ತಾಗಿಲ್ಲ, ನೀನಿರುವುದು ಅವಳಿಗೆ ಗೊತ್ತಿಲ್ಲ. ನಾಗಾವಿಯ ವಿಶ್ವವಿದ್ಯಾಲಯದಿಂದ ನೇತ್ರಾ ಎಂಬ ಹುಡುಗಿ ಬಂದು ನಮ್ಮ ಮಾತುಗಳನ್ನೆಲ್ಲ ಬರೆದುಕೊಳ್ಳುತ್ತಾಳೆ. ಕೋಟುಮಚಗಿಯ ರೈತರ ಮಗಳು. ನಾನು ಕೊಟ್ಟ ಚಹಾವನ್ನು ಮೊದಲ ದಿನವೇ ಸೊರ್ ಎಂದು ಕುಡಿದವಳು. ಹೋದ ಮಂಗಳವಾರ ಸಭೆ ಮುಗಿದ ಮೇಲೆ ಅವಳು ನಮ್ಮೆದುರು ಕುಳಿತು ‘ಯಾರರ ಒಬ್ಬರು ಇದ್ದಾರೇನ್ರಿ ಆಯಿ? ಒಬ್ಬರು ಸಾಕು’ ಎಂದು ಕೇಳಿದಳು. ಗದಿಗೆವ್ವ ತನ್ನ ಕಾಲಬೆರಳು ನೋಡುತ್ತ ಕುಳಿತಳು, ಅವಳಿಗೆ ಇರುವುದೇ ಮೂರು. ಉಳಿದವರು ಸೂರು ನೋಡಿದರು. ಕೊನೆಗೆ ನಾನೇ ಬಾಯಿ ತೆರೆದೆ. ‘ಬುತ್ತಿ ತರಾವ್ರು ಯಾರೂ ಉಳದಿಲ್ಲವ್ವಾ. ಎಲ್ಲಾರೂ ಸತ್ತ ಹೋದ್ರು’ ಎಂದೆ.

ಕೋಣೆಗೆ ಬಂದು ಗಾದಿಯ ಮೇಲೆ ಕುಳಿತೆ. ಅಂದದ್ದು ಎಂಥ ಮಾತು ಎಂದು ನನಗೇ ತಿಳಿಯಿತು. ನಿನಗೆ ಹೇಳದ ಒಂದು ಸಂಗತಿಯಿದೆ. 1986ರಲ್ಲಿ ವಾಸಿಯಾಗಿದೆ ಎಂದು ಡಾಕ್ಟರು ಕಾಗದ ಕೊಟ್ಟಾಗ, ಆ ಕಾಗದ ಹಿಡಿದುಕೊಂಡೇ ನಾನು ಲಕ್ಷ್ಮೇಶ್ವರಕ್ಕೆ ಬಂದಿದ್ದೆ. ಅಜ್ಜಿ ತೀರಿ ಎರಡು ವರ್ಷವಾಗಿತ್ತು, ನೀನು ನಿನ್ನ ಮಾಮನ ಮನೆಯಲ್ಲಿದ್ದೆ. ಬಾಗಿಲಿಗೆ ಬಂದ ನಿನ್ನ ಮಾಮಿ ನನ್ನ ಕೈ ನೋಡಿದಳು. ‘ಸಾಬೀರಾ ಸತ್ತು ಹತ್ತ ವರ್ಷ ಆತ್ರಿ. ನೀವ್ಯಾರು?’ ಎಂದಳು. ಒಳಗೆ ಹತ್ತಿ ಬಡಿಯುವ ಬಿಲ್ಲಿನ ಸಪ್ಪಳ ಕೇಳುತ್ತಿತ್ತು, ಅದು ನೀನೇ ಇರಬೇಕು ಎಂದುಕೊಂಡೆ. ಮನೆ ತಪ್ಪಿ ಬಂದೆನೆಂದು ಹೇಳಿ ತಿರುಗಿ ಬಸ್ ನಿಲ್ದಾಣಕ್ಕೆ ನಡೆದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೂ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಆದರೆ ನನ್ನನ್ನು ಬದುಕಿರುವಾಗಲೇ ಸಾಯಿಸಿದ ಆ ಮಾತನ್ನೇ ಮೊನ್ನೆ ನಾನು ನಿನ್ನ ಮೇಲೆ ಆಡಿದೆನಲ್ಲ! ಹೆತ್ತ ಬಾಯಲ್ಲಿ ಅದು ಹೇಗೆ ಬಂತು? ತೌಬಾ ತೌಬಾ ಎಂದು ಮೂರು ದಿನ ಅಂದುಕೊಂಡೆ, ಸಮಾಧಾನವಾಗಲಿಲ್ಲ. ಅದಕ್ಕೇ ಪೆನ್ನು ಕಟ್ಟಿಕೊಂಡೆ.

ನನಗೆ ಆ ಕಲ್ಲು ಯಾಕೆ ಬೇಕು ಎಂದು ನೀನು ಕೇಳಬಹುದು. ನೀನು ಹುಟ್ಟಿದ ಮನೆಯ ಹೊಸ್ತಿಲು ನನ್ನದಾಗಿ ಉಳಿಯಲಿಲ್ಲ. ನಿನ್ನ ಶಾಲೆ ನೋಡಲಿಲ್ಲ, ನಿನ್ನ ನಿಕಾಹ ನೋಡಲಿಲ್ಲ, ನಿನ್ನ ಮಗಳನ್ನು ಎತ್ತಿಕೊಳ್ಳಲಿಲ್ಲ. ಆ ಗಾದಿ ಬರುವ ತನಕ ಈ ದುನಿಯಾದಲ್ಲಿ ನೀನೂ ನಾನೂ ಇಬ್ಬರೂ ಮುಟ್ಟಿದ ವಸ್ತು ಅದೊಂದೇ. ಅಜ್ಜಿ ತಿಂಗಳ ಮೊದಲ ಭಾನುವಾರ ರೊಟ್ಟಿ, ಕೆಂಪು ಖಾರ, ಪುಂಡಿಪಲ್ಲೆಯನ್ನು ಮುತ್ತಲ ಎಲೆಯಲ್ಲಿ ಕಟ್ಟಿ ತರುತ್ತಿದ್ದಳು. ಒಳಗೆ ಬಂದ ವಸ್ತು ಮತ್ತೆ ಹೊರಗೆ ಹೋಗುವಂತಿರಲಿಲ್ಲ, ಡಬ್ಬಿ ತಂದರೆ ಡಬ್ಬಿಯೂ ನಮ್ಮದೇ. ಎಂಟು ವರ್ಷ ನಿಮ್ಮ ಕೈಯಿಂದ ತಿಂದೆ. ನನ್ನ ಕೈಯಿಂದ ನಿನಗೆ ಒಂದು ಪೆಪ್ಪರಮಿಂಟನ್ನೂ ಕೊಡಲಾಗಲಿಲ್ಲ. ನಿನಗೆ ಆರು ವರ್ಷವಿದ್ದಾಗಿನ ಮಾತು ನೆನಪಿದೆಯೋ ಇಲ್ಲವೋ. ಅಜ್ಜಿ ಗಂಟು ಇಟ್ಟು ಹಿಂದೆ ಸರಿದಳು. ನೀನು ಅವಳ ಕೈ ಕೊಸರಿಕೊಂಡು ಓಡಿಬಂದು ಕಲ್ಲಿನ ಮೇಲೆ ಏನೋ ಇಟ್ಟು ಮತ್ತೆ ಓಡಿದೆ. ಕರೀಮಸಾಬ ಬೈದ, ಅಜ್ಜಿ ಬೆನ್ನಿಗೆ ಗುದ್ದಿದಳು. ನಾನು ಹೋಗಿ ನೋಡಿದರೆ ಒಂದು ಶೇಂಗಾ ಉಂಡಿ. ಒಂದು ಕಡೆ ನಿನ್ನ ಹಲ್ಲಿನ ಗುರುತು. ನಿನ್ನ ಪಾಲಿನದನ್ನು ತಿನ್ನುತ್ತ ತಿನ್ನುತ್ತ ಅರ್ಧದಲ್ಲಿ ನನ್ನ ನೆನಪಾಗಿತ್ತೇನೋ. ನಾನು ಆ ಹಲ್ಲಿನ ಗುರುತಿನ ಕಡೆಯಿಂದಲೇ ತಿಂದೆ, ಬೇವಿನ ಮರದ ಕೆಳಗಿಂದ ನೀನು ನೋಡುತ್ತ ನಿಂತಿದ್ದೆ. ನಮ್ಮಿಬ್ಬರ ಸಂಸಾರವೆಂದರೆ ಅಷ್ಟೇ, ಮಗಾ.

ಇದನ್ನೆಲ್ಲ ಓದಿ, ಅವ್ವ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಾಳೆ ಎಂದುಕೊಳ್ಳಬೇಡ. ನೇತ್ರಾಳಿಗೆ ನಿನ್ನ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ. ಅತ್ತ ದರಿ ಇತ್ತ ಪುಲಿ ಎಂಬುದು ನನಗೆ ತಿಳಿಯದೇ? ನೀನು ಆ ಕಲ್ಲಿನ ಮುಂದೆ ನಿಂತು ನನ್ನ ಅವ್ವ ಇಲ್ಲಿದ್ದಾಳೆ ಎಂದರೆ ಸಂಜೆಯೊಳಗೆ ಆ ಖಬರ ಶಿರಹಟ್ಟಿ ಮುಟ್ಟುತ್ತದೆ. ಮಾಸ್ತರನ ಮನೆಯವರು ಒಳ್ಳೆಯವರೇ ಇರಬಹುದು, ಆದರೆ ಒಳ್ಳೆಯವರೂ ಈ ರೋಗದ ಹೆಸರಿಗೆ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನಾನು ಕಂಡಿದ್ದೇನೆ. ಯಾಸ್ಮೀನಳಿಗೆ ನೀನು ಏನು ಹೇಳಿದ್ದೀಯೋ ನನಗೆ ಗೊತ್ತಿಲ್ಲ. ಅತ್ತೆ ಸತ್ತಿದ್ದಾಳೆ ಎಂದೇ ಹೇಳಿರಬೇಕು. ಅದಕ್ಕೆ ನನಗೆ ಬೇಸರವಿಲ್ಲ. ಕಲ್ಲು ಹೋದರೆ ಹೋಗಲಿ, ಮೊಮ್ಮಗಳ ನಿಕಾಹ ನಿಲ್ಲಬಾರದು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ, ಖರೆಯೇ ಹೇಳುತ್ತಿದ್ದೇನೆ. ನಿನ್ನನ್ನು ಹತ್ತಿರದಿಂದ ನೋಡಬೇಕೆನ್ನುವ ಆಸೆ ನಲವತ್ತು ವರ್ಷದ್ದು. ಹೊನ್ನೇಶ ತಂದುಕೊಟ್ಟ ನಿನ್ನ ಅಂಗಡಿಯ ಕ್ಯಾಲೆಂಡರಿನಲ್ಲಿ ನಿನ್ನ ಫೋಟೊ ಇದೆ, ಗಡ್ಡ ಬೆಳ್ಳಗಾಗಿದೆ. ಡಿಸೆಂಬರ್ ಮುಗಿದರೂ ಅದನ್ನು ಗೋಡೆಯಿಂದ ಇಳಿಸುವುದಿಲ್ಲ.

ಅಲ್ಲಾಹ ನಿನ್ನ ಅಂಗಡಿಗೆ ಬರ್ಕತ್ ಕೊಡಲಿ. ಅಮೀರಾ ಹೋದ ಮನೆಯಲ್ಲಿ ಬೆಳಕಾಗಲಿ. ಯಾಸ್ಮೀನಳಿಗೆ ನನ್ನ ಸಲಾಮು ಹೇಳಲಾಗದು, ಅವಳು ಬಡಿಸುವಾಗ ಮನಸ್ಸಿನಲ್ಲೇ ಹೇಳಿಬಿಡು. ಚಳಿ ಜೋರಾಗಿದೆ, ಮುಂಜಾನೆ ಕಿವಿಗೆ ಮಫ್ಲರ್ ಸುತ್ತಿಕೋ.

ಇಂತಿ ನಿನ್ನ ಅವ್ವ,
ಸಾಬೀರಾ

ತಾ.ಕ.: ಹೊನ್ನೇಶ ಹಾರ್ನ್ ಹೊಡೆಯುತ್ತಿದ್ದಾನೆ, ಜಲ್ದಿ ಬರೆಯುತ್ತೇನೆ. ಗುರುವಾರ ಹತ್ತೊಂಬತ್ತಕ್ಕೆ, ಮುಂಜಾನೆ ಹನ್ನೊಂದಕ್ಕೆ, ಸಮಿತಿಯವರೆಲ್ಲ ಬುತ್ತಿಕಲ್ಲಿನ ಹತ್ತಿರ ಸೇರುತ್ತಾರೆ, ಅಂದೇ ತೀರ್ಮಾನ. ಹತ್ತಕ್ಕೆ ಅಲ್ಲಿ ಯಾರೂ ಇರುವುದಿಲ್ಲ. ನಾನು ಹತ್ತಕ್ಕೆ ಒಂದು ಗಂಟು ಕಲ್ಲಿನ ಮೇಲಿಟ್ಟು ನಲವತ್ತು ಹೆಜ್ಜೆ ಹಿಂದೆ ಸರಿದು ಬೇವಿನ ಮರದ ಕೆಳಗೆ ನಿಂತಿರುತ್ತೇನೆ, ಅಷ್ಟು ನಡೆಯುವ ಶಕ್ತಿ ಕಾಲಿಗಿದೆ. ನೀನು ಬಂದು ಗಂಟು ತೆಗೆದುಕೊಂಡು ಹೋಗಿಬಿಡಬಹುದು, ಈ ಕಡೆ ನೋಡದಿದ್ದರೂ ನಡೆದೀತು. ಹನ್ನೊಂದರ ತನಕ ನಿಲ್ಲುವುದು ಬಿಡುವುದು ನಿನಗೆ ಬಿಟ್ಟದ್ದು. ಗಂಟಿನಲ್ಲಿ ಐದು ಶೇಂಗಾ ಉಂಡಿ ಇರುತ್ತವೆ. ಒಂದರ ಮೇಲೆ ನನ್ನ ಹಲ್ಲಿನ ಗುರುತಿರುತ್ತದೆ. ಅಂಜಬೇಡ ಮಗಾ, ನನಗೆ ವಾಸಿಯಾಗಿ ಮೂವತ್ತೆಂಟು ವರ್ಷವಾಯಿತು.