ಮಾವ ಬಗ್ಗಿಸಿದ ಎಂಟು ಸುರುಳಿ

ಮಂಗಳವಾರ, ಮಧ್ಯಾಹ್ನ
ಮನೆ ಹಿಂದಿನ ಶೆಡ್ಡಿನಿಂದ

ನನ್ನ ಅಕ್ಕನ ಒಬ್ಬಳೇ ಮಗಳು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ಗುಬ್ಬಿಗೆ,

ನಿನ್ನ ಸೋದರಮಾವ ಬೊಬ್ಬೆ ಎದ್ದ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೇ. ಹರಿಯುವ ಮುಂಚೆ ಓದು. ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಗೆ ನಿನಗೆ ಸಿಗುತ್ತದೆ.

ಮೊದಲು ನಿನ್ನ ಅಮ್ಮನ ವಿಷಯ. ಭಾನುವಾರ ಆಸ್ಪತ್ರೆಯಿಂದ ಮನೆಗೆ ಬಿಡುತ್ತಾರಂತೆ. ಸೊಂಟದ ಮೂಳೆ ಕೂಡಿಕೊಂಡಿದೆ, ಆದರೆ ಇನ್ನು ಮೇಲೆ ಕೈಗೆ ಆಸರೆಯಿಲ್ಲದೆ ಒಂದು ಮೆಟ್ಟಿಲನ್ನೂ ಹತ್ತಿ ಇಳಿಯಕೂಡದು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ನಮ್ಮ ಬಾಗಿಲ ಮುಂದೆ ಏಳು ಮೆಟ್ಟಿಲು. ಅಕ್ಕ ಬಿದ್ದದ್ದೂ ಅಲ್ಲೇ. ಸುಮ್ಮನೆ ಒಂದು ಕಂಬಿ ಹಾಕಿಸೋ, ಸಾಕು ಅಂದಳು. ನಾನು ಕೇಳಬೇಕಲ್ಲ! ವಾರ್ಡಿನ ಆರು ಜನ ರೋಗಿಗಳು, ಒಬ್ಬ ನರ್ಸಮ್ಮನ ಎದುರು ಘೋಷಿಸಿಬಿಟ್ಟೆ. ರೇಲಿಂಗು ನಾನೇ ಮಾಡುತ್ತೇನೆ, ಮೇಲೊಂದು ಕಂಬಿ, ಕೆಳಗೊಂದು ಕಂಬಿ, ನಡುವೆ ಕಬ್ಬಿಣದ ಪಟ್ಟಿ ಬಗ್ಗಿಸಿದ ಒಂಬತ್ತು ಸುರುಳಿ, ಅರಮನೆಯವರು ಬಂದು ಅಳತೆ ತೆಗೆದುಕೊಂಡು ಹೋಗಬೇಕು ಅಂತ. ಏಳನೇ ಕ್ಲಾಸನ್ನು ಎರಡು ಸಲ ಓದಿದವನು ನಾನು, ಕಬ್ಬಿಣ ನನಗೆ ಯಾವ ಲೆಕ್ಕ ಅಂದುಕೊಂಡೆ.

ಮೊದಲನೇ ಸುರುಳಿ ಒಂದೇ ಏಟಿಗೆ ಬಂತು ಕಣೇ. ಬೆಕ್ಕು ಮಲಗುವಾಗ ಬಾಲ ಸುತ್ತಿಕೊಳ್ಳುತ್ತದಲ್ಲ, ಅಷ್ಟು ಸಲೀಸು. ಶೆಡ್ಡಿನ ನೆಲದ ಮೇಲೆ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ಅದನ್ನು ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ದೆ. ಅಕ್ಕ ತಿರುಗಿಸಿ ಮುರುಗಿಸಿ ನೋಡಿದಳು, ತುದಿಯನ್ನು ಬೆರಳಲ್ಲಿ ಸವರಿದಳು, ದಿಂಬಿನ ಕೆಳಗೆ ಇಟ್ಟುಕೊಂಡುಬಿಟ್ಟಳು. ವಾಪಸ್ ಕೊಡೇ, ಅಳತೆಗೆ ಬೇಕು ಅಂದೆ. ಒಂದು ಮಾಡಿದವನಿಗೆ ಇನ್ನೊಂದು ಮಾಡೋಕೆ ಅಳತೆ ಯಾಕೋ ಅಂದಳು. ನರ್ಸಮ್ಮ ಕಿಸಕ್ಕನೆ ನಕ್ಕಳು.

ಅಲ್ಲಿಂದ ಶುರು ನನ್ನ ಗ್ರಹಚಾರ. ನೀನು ಬಿಟ್ಟುಹೋದ ವೈಸಿನ ದವಡೆಗೆ ಪಟ್ಟಿ ಕಚ್ಚಿಸಿ, ಬಗ್ಗಿಸುವ ಎರಡು ಗೂಟದ ಆ ಕವೆ ಸಿಕ್ಕಿಸಿ, ಒಂದೊಂದು ಬೆರಳಷ್ಟು ಸರಿಸುತ್ತ ಎಳೆಯಬೇಕು, ಅಷ್ಟು ನನಗೂ ಗೊತ್ತು. ಎಳೆದರೆ ಬಗ್ಗುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಜೋರಾಗಿ ಎಳೆದರೆ ಅಲ್ಲೊಂದು ಮೊಣಕೈ ಮೂಡುತ್ತದೆ. ತುದಿಯ ಎರಡಿಂಚು ಮಾತ್ರ ಏನು ಮಾಡಿದರೂ ಬಗ್ಗುವುದಿಲ್ಲ, ಥೇಟ್ ನಿನ್ನ ಹಾಗೆ. ನಾಲ್ಕನೆಯದು ಚಿಮ್ಮಿ ಬಂದು ಮೊಣಕಾಲಿಗೆ ಬಡಿಯಿತು. ಬಾಯಿಗೆ ಬಂದಂತೆ ಬೈದೆ. ಹಾಳಾದ್ದು, ಕಬ್ಬಿಣಕ್ಕೆ ಮಾನ ಮರ್ಯಾದೆ ಇಲ್ಲ, ಬೈದವನ ಗಂಟಲೇ ಒಣಗುತ್ತದೆ.

ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್‌ಮ್ಯಾನ್ ಕಾಂಪೌಂಡ್ ಗೋಡೆಗೆ ಗಲ್ಲ ಊರಿಕೊಂಡು ಮೂರು ದಿನದಿಂದ ಇದೇ ಸಿನಿಮಾ ನೋಡುತ್ತಿದ್ದಾರೆ. ಮೊದಲ ದಿನ, ಏನ್ ಸ್ವಾಮಿ, ಬಸವನಹುಳು ಸಾಕ್ತಿದ್ದೀರಾ ಅಂದರು. ನಿನ್ನೆ, ಮರಿಗಳೆಲ್ಲ ಚೆನ್ನಾಗಿ ಮೈಕೈ ತುಂಬ್ಕೊಂಡಿವೆ ಬಿಡಿ ಅಂದರು. ಆಗ ನೋಡಿದೆ ನಾನು. ಮೊದಲನೆಯದರ ನಂತರ ಮಾಡಿದ ಎಂಟನ್ನೂ ಸಾಲಾಗಿ ಇಟ್ಟರೆ ಒಂದಕ್ಕಿಂತ ಒಂದು ದೊಡ್ಡದು! ಆಗಿದ್ದಿಷ್ಟೇ. ನೆಲದ ಗೆರೆ ನನ್ನ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತಿತ್ತು. ಪ್ರತಿ ಸಲ ಈಗಷ್ಟೇ ಮುಗಿಸಿದ ಸುರುಳಿಯನ್ನೇ ಇಟ್ಟು ಸುತ್ತ ಹೊಸ ಗೆರೆ ಎಳೆಯುತ್ತಿದ್ದೆ. ಗೆರೆಯ ದಪ್ಪ ಒಂದಿಷ್ಟು, ಬಿಚ್ಚಿಕೊಂಡದ್ದು ಒಂದಿಷ್ಟು ಸೇರಿ ಹಿಗ್ಗುತ್ತಲೇ ಹೋದವು. ಮೊದಲನೆಯದು ಒಂದು ಗೇಣಿತ್ತು. ಕೊನೆಯದು ಗೇಣಿನ ಮೇಲೆ ನಾಲ್ಕು ಬೆರಳು. ಎರಡು ಕಂಬಿಗಳ ನಡುವೆ ಇರುವ ಜಾಗವೇ ಒಂದು ಗೇಣು. ತಂದ ಪಟ್ಟಿ ಮುಗಿಯಿತು, ಭಾನುವಾರಕ್ಕೆ ಐದೇ ದಿನ.

ನಾನೇನು ನಿನ್ನ ಸಹಾಯ ಕೇಳಲು ಬರೆಯುತ್ತಿಲ್ಲ. ನನ್ನ ಸ್ನೇಹಿತನೊಬ್ಬನಿಗೆ ಬೇಕಾಗಿದೆ. ಪಟ್ಟಿಯ ತುದಿ ಮೊದಲು ಬಗ್ಗಿಸಬೇಕೋ, ನಡುವಿನ ಹೊಟ್ಟೆ ಮೊದಲೋ? ನಿನ್ನ ವರ್ಕ್‌ಶಾಪಿನ ಮೇಸ್ತ್ರಿಯನ್ನಾದರೂ ಕೇಳಿ ತಿಳಿಸು.

ಎರಡು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ, ನಿನ್ನ ಮೊದಲ ಗಿರಾಕಿಯ ಎದುರು, ಇವಳು ಮಾಡೋ ಗೇಟಿಗೆ ಮೇಕೆ ಕೂಡ ಹೆದರಲ್ಲ ಅಂದೆ. ಆಯಪ್ಪ ನಕ್ಕ. ನಗುತ್ತಲೇ ಹೋದವನು ಮತ್ತೆ ಬರಲಿಲ್ಲ. ಮರುದಿನ ನೀನೂ ಚೀಲ ಕಟ್ಟಿದೆ. ನೀನು ಕಲಿಯುವಾಗ ಮಾಡಿದ್ದನ್ನೆಲ್ಲ ಗುಜರಿಯವನ ಗಾಡಿಗೆ ಹಾಕಿದೆ ಅಂತ ನಾನು ಹೇಳಿಕಳಿಸಿದೆ ಬೇರೆ. ತಮಾಷೆಗೆ ಅಂದ ಮಾತು ಅಂತ ಇವತ್ತಿನವರೆಗೂ ವಾದಿಸುತ್ತ ಬಂದೆ. ಆಗ ನನಗೆ ಕಬ್ಬಿಣ ಗೊತ್ತಿರಲಿಲ್ಲ ಗುಬ್ಬಿ. ಈ ಮೂರು ದಿನದಲ್ಲಿ ಗೊತ್ತಾಯಿತು.

ಇಂತಿ,
ಇನ್ನೂ ಸೋತಿಲ್ಲದ, ಆದರೆ ಬೆನ್ನು ಹಿಡಿದುಕೊಂಡು ಕೂತಿರುವ,
ನಿನ್ನ ಮಾವ

ತಾ.ಕ.: ಆ ಮೊದಲನೇ ಸುರುಳಿ ನಾನು ಮಾಡಿದ್ದಲ್ಲ. ನೀನು ಮಾಡಿದ್ದು, ನಿನ್ನ ಮೊಟ್ಟಮೊದಲನೆಯದು. ಗುಜರಿಗೆ ಹೋಗಿರಲಿಲ್ಲ, ಹಳೇ ಶರ್ಟಿನಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿ ಇಟ್ಟಿದ್ದೆ. ಅಕ್ಕ ತುದಿ ಸವರಿದಾಗಲೇ ನಿನ್ನ ಸುತ್ತಿಗೆಯ ಗುರುತು ಹಿಡಿದಿದ್ದಾಳೆ. ಇವತ್ತು ಬೆಳಿಗ್ಗೆ ಹೇಳಿದಳು, ಇದನ್ನ ಮಾಡಿದ ಕೈ ಕೂರಿಸಿದ ರೇಲಿಂಗು ಹಿಡಿದೇ ನಾನು ಮೆಟ್ಟಿಲು ಹತ್ತೋದು, ಇಲ್ಲಾಂದ್ರೆ ಇಲ್ಲೇ ಇರ್ತೀನಿ ಅಂತ. ಶುಕ್ರವಾರ, ಶನಿವಾರ ಬೆಳಗಿನಿಂದ ಸಂಜೆವರೆಗೆ ನಾನು ಆಸ್ಪತ್ರೆಯಲ್ಲೇ ಇರುತ್ತೇನೆ. ಅಮ್ಮನನ್ನು ನೋಡಲು ನಾನಿಲ್ಲದ ಹೊತ್ತು ಹುಡುಕಿ ಬರುತ್ತೀಯಲ್ಲ, ಮನೆಗೂ ಹಾಗೇ ಬಾ. ಶೆಡ್ಡಿನ ಬೀಗದ ಕೈ ಪೋಸ್ಟ್‌ಮ್ಯಾನ್ ಹತ್ತಿರ ಇದೆ. ಹೊಸ ಪಟ್ಟಿ ತರಿಸಿಟ್ಟಿರುತ್ತೇನೆ. ಉದ್ದದ ಪಟ್ಟಿ, ಒಬ್ಬರೇ ಹಿಡಿಯುವುದು ಕಷ್ಟ. ಇನ್ನೊಂದು ತುದಿಗೆ ಆಳು ಬೇಕಾದರೆ ಹೇಳಿಕಳಿಸು. ಬಾಯಿ ಮುಚ್ಚಿಕೊಂಡು ಹಿಡಿಯುತ್ತೇನೆ.